ನಾಯಿಗಳ ಚುಚ್ಚುಮದ್ದೂ ಕಲಿಯುವವರ ಮೇಲ್ವಿಚಾರಣೆಯೂ

ಕುಪ್ಪೇಲೂರಿನಂತಹ ಗ್ರಾಮಗಳಲ್ಲಿ ಕುರಿಹಟ್ಟಿಯನ್ನೂ ಕಣವನ್ನೂ ಕಾಯುವ ನಾಯಿಯು ಮನೆಯ ಆಳಿದ್ದಂತೆ. ಅದಕ್ಕೆ ಹುಚ್ಚು ಹಿಡಿದರೆ ಮಕ್ಕಳಿಗೂ ದನಕರುಗಳಿಗೂ ಪ್ರಾಣಾಪಾಯವು. ರೋಗಚಿಹ್ನೆಗಳು ತೋರಿದ ಬಳಿಕ ಉಳಿಯುವದು ಅತಿ ವಿರಳ. ಆದಕಾರಣ ನಾಯಿಗಳಿಗೆ ಮುಂಚಿತವಾಗಿ ಚುಚ್ಚುಮದ್ದು ಹಾಕಿಸುವದೇ ಮುಖ್ಯ ಉಪಾಯವು.

ಪಶುಸಂಗೋಪನಾ ಡಿಪ್ಲೊಮಾ ಓದುವ ತರುಣರು ಈ ಕೆಲಸವನ್ನು ಕಲಿಯಲು ಬಂದಾಗ, ಸಂಗಡ ಪಶುವೈದ್ಯರು ಇರುವರೇ ಎಂದು ಗ್ರಾಮದ ಹಿರಿಯರು ಮೊದಲು ಕೇಳತಕ್ಕದ್ದು. 1984ನೆಯ ಇಸವಿಯ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆಯ 30ನೆಯ ಕಲಮಿನ ಮೇರೆಗೆ, ಡಿಪ್ಲೊಮಾ ಪಡೆದವರು ಸಹ ಸಣ್ಣಪುಟ್ಟ ಉಪಚಾರಗಳನ್ನು ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆಯಲ್ಲಿಯೇ ಮಾಡತಕ್ಕದ್ದು. ಹೀಗಿರಲು ಇನ್ನೂ ಕಲಿಯುವವರ ಮಾತೇನು?

ಮೇಲ್ವಿಚಾರಕರು ನೋಡತಕ್ಕ ಸಂಗತಿಗಳು ನಾಲ್ಕು:

1. ಮದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಬಿಸಿಲಿಗೆ ಬಿದ್ದ ಮದ್ದನ್ನು ಹಾಕಿಸಿದರೆ ಒಡೆಯನಿಗೆ ಸುಳ್ಳು ಧೈರ್ಯ ಮಾತ್ರ ಉಳಿಯುವದು.
2. ನಾಯಿಯನ್ನು ಒಡೆಯನೇ ಹಿಡಿದು, ಬಾಯಿಗೆ ಪಟ್ಟಿ ಕಟ್ಟಿದ ಮೇಲೆ ವಿದ್ಯಾರ್ಥಿಯು ಮುಟ್ಟತಕ್ಕದ್ದು. ವಿದ್ಯಾರ್ಥಿಯು ತಾನೂ ಮೊದಲೇ ಈ ರೋಗದ ಚುಚ್ಚುಮದ್ದು ಹಾಕಿಸಿಕೊಂಡಿರಬೇಕು.
3. ಒಂದು ಸೂಜಿಯನ್ನು ಎರಡು ನಾಯಿಗಳಿಗೆ ಉಪಯೋಗಿಸಕೂಡದು.
4. ಮರಿಗೆ 3 ತಿಂಗಳು ತುಂಬಿದ ಮೇಲೆ ಮೊದಲನೆಯ ಮದ್ದು. ಮುಂದಿನ ತಾರೀಖನ್ನು ಚೀಟಿಯಲ್ಲಿ ಬರೆದು ಒಡೆಯನಿಗೆ ಕೊಡಬೇಕು.

ಯಾರಿಗಾದರೂ ನಾಯಿ ಕಚ್ಚಿದರೆ ಗಾಯಕ್ಕೆ ಮೆಣಸಿನಪುಡಿ, ಸುಣ್ಣ ಹಚ್ಚಕೂಡದು. ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು, ಕೂಡಲೇ ದವಾಖಾನೆಗೆ ಕರೆದೊಯ್ಯಬೇಕು.

ಊರಿನ 100 ನಾಯಿಗಳಲ್ಲಿ 70ಕ್ಕಾದರೂ ಮದ್ದು ಬಿದ್ದರೆ ರೋಗದ ಹಬ್ಬುಗೆ ನಿಲ್ಲುವದು. ಗೌಡರೂ ಹೊಲದ ಒಡೆಯರೂ ತಮ್ಮ ನಾಯಿಯನ್ನೇ ಮೊದಲು ತಂದರೆ ಉಳಿದವರು ತಾವಾಗಿಯೇ ಹಿಂಬಾಲಿಸುವರು.