ಹೆಸರಿಲ್ಲದ ರೋಗ

ಮನೆಯ ತಾಯಿಯು ಬಹುದಿವಸ ಬಳಲಿ ಮಲಗಿಕೊಂಡಿರಲು, ವೈದ್ಯನು ಪರೀಕ್ಷಿಸಿ ರೋಗವೇನೂ ಕಾಣದೆಂದರೆ, ನೆರೆಯವರು ಆಕೆಯನ್ನು ಸೋಮಾರಿಯೆನ್ನುವದುಂಟು. ಹಾಗನ್ನುವದಕ್ಕೆ ಮುಂಚೆ ಫ್ಲಾರೆನ್ಸ್ ನೈಟಿಂಗೇಲಳ ಸಂಗತಿಯನ್ನು ಆಲೋಚಿಸಿರಿ.

ಗಾಯಪಟ್ಟ ಸಿಪಾಯಿಗಳ ಆರೈಕೆಗೆಂದು 1854ರಲ್ಲಿ ತುರ್ಕಿ ದೇಶಕ್ಕೆ ಹೋದ ಈ ಇಂಗ್ಲಿಷ್ ಸ್ತ್ರೀಯು, ಮರುವರುಷ ಕ್ರಿಮಿಯಾದಲ್ಲಿ ಜ್ವರಬಿದ್ದು ಸಾಯುವ ಹಾಗಾದಳು. ಜ್ವರವು ಬಿಟ್ಟಿತು, ಆದರೆ ಸ್ವದೇಶಕ್ಕೆ ಬಂದ ಮೇಲೆ 1857ರಲ್ಲಿ ಆಕೆಯ ಬಲವೆಲ್ಲಾ ಕುಂದಿತು. ಎದೆಬಡಿತವೂ ನಿದ್ರೆಗೇಡೂ ಹತ್ತಿದವು. 1861ರ ತರುವಾಯ ಬೆನ್ನುನೋವಿನಿಂದ ಕೆಲವು ವರುಷ ನಡೆಯಲಾರದೆ ಇದ್ದಳು. ಇಂಡಿಯಾದಲ್ಲಿದ್ದ ದಂಡುಗಳ ನೀರು ಚರಂಡಿಗಳ ವಿಷಯವಾಗಿ 1863ರಲ್ಲಿ ಹೊರಟ ವರದಿಗೋಸ್ಕರ ರೋಗಿಯಾಗಿದ್ದುಕೊಂಡೇ ದುಡಿದಳು. ಭೇಟಿಗೆ ಬಂದವರನ್ನಾದರೋ ಒಬ್ಬೊಬ್ಬರನ್ನಾಗಿಯೇ ನೋಡುವಳು. ಬರೆಯಬಲ್ಲವಳು ಎದ್ದು ತಿರುಗಲಾರಳೇ? ಇದು ನಟನೆಯೆಂದು ಕೆಲವರು, ಮನೋವ್ಯಾಧಿಯೆಂದು ಕೆಲವರು ಹೇಳಿದರು.

1995ರಲ್ಲಿ ಒಬ್ಬ ಪಂಡಿತನು, ಕಾಯಿಸದ ಆಡಿನ ಹಾಲು ಮೊದಲಾದವುಗಳಿಂದ ತಗಲುವ ಬ್ರುಸೆಲ್ಲೋಸಿಸ್ ಎಂಬ ರೋಗವೇ ಇದಾಗಿರಬಹುದೆಂದು ಬರೆದನು. ಅದು ನಿಶ್ಚಯವಲ್ಲ, ಊಹೆಯೇ. ಆದರೂ ಕೇಳಿರಿ: ಆ ರೋಗಾಣುವನ್ನು ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸನು ಬೇರ್ಪಡಿಸಿ ಬೆಳೆಸಿದ್ದು 1887ರಲ್ಲಿ. 1857ರ ವೈದ್ಯನು ಅದನ್ನು ಹೇಗೆ ಕಂಡಾನು?

ಬೇಗನೆ ಸಾಯುವಳೆಂದು ನೆನಸಲ್ಪಟ್ಟ ಆಕೆಯು 1910ರ ವರೆಗೆ, 90 ವರುಷ ಬಾಳಿದಳು. ಆಕೆ ಹುಟ್ಟಿದ ಮೇ 12ನ್ನೇ ಈಗ ದೀರ್ಘ ಬಳಲಿಕೆಯ ರೋಗಿಗಳ ದಿನವಾಗಿ ಆಚರಿಸುತ್ತಾರೆ. ಈ ರೋಗವನ್ನು ನಿಶ್ಚಯಿಸುವ ರಕ್ತಪರೀಕ್ಷೆಯು ಇನ್ನೂ ಇಲ್ಲ. ಶಕ್ತಿಮೀರಿ ದುಡಿದರೆ ಅದು ಉಲ್ಬಣಿಸುವದು.