ಗೋಡೆಯ ಮೇಲಿನ ಅಕ್ಷರ

ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಕ್ರಿ.ಶ. 9ನೆಯ ಶತಮಾನದ ಶಿಲಾಶಾಸನವೊಂದಿದೆ. ಕಾಳಗವೊಂದರಲ್ಲಿ ಮಡಿದವನ ಸ್ಮರಣೆಗಾಗಿ ಕೊರೆದ ಆ ಅಕ್ಷರಗಳ ನಡುವೆ ‘ಬೆಂಗಳೂರು’ ಎಂಬ ಹೆಸರು ಕಾಣಸಿಗುತ್ತದೆ. ಸಾವಿರಕ್ಕೂ ಹೆಚ್ಚು ವರ್ಷಗಳ ಮಳೆ ಬಿಸಿಲುಗಳನ್ನು ದಾಟಿ ಆ ಹೆಸರು ಇಂದಿಗೂ ಓದಲು ದೊರೆಯುತ್ತಿರುವುದಕ್ಕೆ ಕಾರಣವೇನು? ಕೆತ್ತಿದವನು ಕಲ್ಲಿನ ಗುಣವನ್ನು ಬಲ್ಲವನಾಗಿದ್ದನು. ಅಕ್ಷರವನ್ನು ಎಷ್ಟು ಆಳಕ್ಕೆ ಇಳಿಸಿದರೆ ಅದು ಉಳಿಯುತ್ತದೆಂಬುದು ಅವನ ಕೈಗೆ ತಿಳಿದಿತ್ತು.

ಇಂದು ಕಲ್ಲಿನಲ್ಲಿ ಹೆಸರು ಕೊರೆಯಿಸುವವರು ವಿರಳ. ಆದರೆ ಹೆಸರನ್ನು ಎಲ್ಲರಿಗೂ ಕಾಣುವಂತೆ ನಿಲ್ಲಿಸುವ ಕೆಲಸ ನಿಂತಿಲ್ಲ. ಯಾವುದೇ ದೊಡ್ಡ ಕಚೇರಿಯ ಮೊಗಸಾಲೆಯನ್ನು ಹೊಕ್ಕರೂ ಎದುರಿನ ಗೋಡೆಯಲ್ಲಿ ಸಂಸ್ಥೆಯ ಹೆಸರು ಲೋಹದ ಅಕ್ಷರಗಳಲ್ಲಿ ಹೊಳೆಯುತ್ತಿರುತ್ತದೆ. ಪಕ್ಕದಲ್ಲಿ ಯಾವ ಮಹಡಿಯಲ್ಲಿ ಯಾವ ವಿಭಾಗವಿದೆಯೆಂದು ತಿಳಿಸುವ ಫಲಕವಿರುತ್ತದೆ. ಬಂದವರು ಅದನ್ನು ಓದಿ ಮುಂದೆ ಸಾಗುತ್ತಾರೆ. ಅದನ್ನು ಅಲ್ಲಿ ನಿಲ್ಲಿಸಿದವರ ಶ್ರಮವನ್ನು ನೆನೆಯುವವರು ಕಡಿಮೆ.

ಈ ಕೆಲಸದ ಮರ್ಮವನ್ನು ಅರಿಯಲು ಬೆಂಗಳೂರಿನ ಕುಕ್ ಟೌನ್ ಒಳ್ಳೆಯ ಸ್ಥಳ. ಬ್ರಿಟಿಷರು 1809ರಲ್ಲಿ ಬೆಂಗಳೂರಿನಲ್ಲಿ ದಂಡು ಪ್ರದೇಶವನ್ನು ಸ್ಥಾಪಿಸಿದರು. 1898ರ ಪ್ಲೇಗ್ ಪಿಡುಗಿನ ನಂತರದ ದಶಕಗಳಲ್ಲಿ ಇಲ್ಲಿ ಫ್ರೇಜರ್ ಟೌನ್, ರಿಚರ್ಡ್ಸ್ ಟೌನ್, ಕಾಕ್ಸ್ ಟೌನ್, ಕುಕ್ ಟೌನ್ ಮುಂತಾದ ಬಡಾವಣೆಗಳು ಬೆಳೆದವು. 1947ರಲ್ಲಿ ದಂಡು ಪ್ರದೇಶವು ಮೈಸೂರು ಸಂಸ್ಥಾನಕ್ಕೆ ಮರಳಿತು. 1949ರಲ್ಲಿ ನಗರ ಮತ್ತು ದಂಡುಗಳ ಪುರಸಭೆಗಳು ಒಂದಾಗಿ ಬೆಂಗಳೂರು ನಗರಪಾಲಿಕೆ ರೂಪುಗೊಂಡಿತು. ಇಂದು ಕುಕ್ ಟೌನಿನ ಬೀದಿಗಳಲ್ಲಿ ಹೆಂಚಿನ ಛಾವಣಿಯ ಹಳೆಯ ಬಂಗಲೆಗಳೂ ಬಹುಮಹಡಿಯ ಹೊಸ ಕಟ್ಟಡಗಳೂ ಅಕ್ಕಪಕ್ಕದಲ್ಲಿ ನಿಂತಿವೆ. ಕನ್ನಡ, ತಮಿಳು, ಉರ್ದು, ಇಂಗ್ಲಿಷ್ ನುಡಿಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಗೋಡೆಗಳೂ ಹಲವು ಬಗೆ, ಓದುಗರೂ ಹಲವು ಬಗೆ. ಫಲಕವನ್ನು ನಿಲ್ಲಿಸುವವನು ಈ ಎರಡನ್ನೂ ಅರಿತಿರಬೇಕು.

ಮೊದಲು ಅವನು ಗೋಡೆಯನ್ನು ಪರೀಕ್ಷಿಸುತ್ತಾನೆ. ಬೆರಳಿನ ಗೆಣ್ಣಿನಿಂದ ತಟ್ಟಿ ಸದ್ದನ್ನು ಆಲಿಸುತ್ತಾನೆ. ಹಳೆಯ ಬಂಗಲೆಯ ಗೋಡೆ ದಪ್ಪ ಇಟ್ಟಿಗೆಯದು. ಅದರ ಮೇಲೆ ಸುಣ್ಣದ ಗಾರೆಯಿರುತ್ತದೆ. ಗಾರೆ ಮೆದುವಾದುದು, ಮೊಳೆ ಅದರಲ್ಲಷ್ಟೇ ನಿಂತರೆ ಕಾಲಕ್ರಮದಲ್ಲಿ ಗಾರೆಸಹಿತ ಕಳಚಿ ಬೀಳುತ್ತದೆ. ಆದುದರಿಂದ ರಂಧ್ರವು ಗಾರೆಯನ್ನು ದಾಟಿ ಇಟ್ಟಿಗೆಯನ್ನು ಮುಟ್ಟಬೇಕು. ಹೊಸ ಕಟ್ಟಡದ ಒಳಗೋಡೆ ಅನೇಕ ವೇಳೆ ಜಿಪ್ಸಮ್ ಹಲಗೆಯದು. ಅದರ ದಪ್ಪ ಸಾಮಾನ್ಯವಾಗಿ 12.5 ಮಿಲಿಮೀಟರ್ ಮಾತ್ರ. ಹಿಂದೆ ಬರಿಯ ಪೊಳ್ಳು. ಭಾರವಾದ ಫಲಕ ಅಲ್ಲಿ ನಿಲ್ಲಬೇಕಾದರೆ ಹಲಗೆಯ ಹಿಂದೆ ಮರದ ಅಥವಾ ಲೋಹದ ಪಟ್ಟಿಯನ್ನು ಆಧಾರವಾಗಿ ಕೂರಿಸಬೇಕು. ಗ್ರಾನೈಟ್ ಹೊದಿಸಿದ ಗೋಡೆಯ ಸ್ವಭಾವ ಬೇರೆ. ಬಡಿತದ ವೇಗದಲ್ಲಿ ಕೊರೆದರೆ ಕಲ್ಲು ಸೀಳುತ್ತದೆ. ಬಡಿತವನ್ನು ನಿಲ್ಲಿಸಿ ಮೆಲ್ಲನೆ, ನೀರಿನಿಂದ ತಣಿಸುತ್ತ ಕೊರೆಯಬೇಕು.

ತಿರುಪುಮೊಳೆ ಗೋಡೆಯಲ್ಲಿ ಹೇಗೆ ನಿಲ್ಲುತ್ತದೆಂಬುದೂ ತಿಳಿಯತಕ್ಕ ವಿಷಯ. ರಂಧ್ರದೊಳಗೆ ಮೊದಲು ಪ್ಲಾಸ್ಟಿಕ್ ಪ್ಲಗ್ಗನ್ನು ಸೇರಿಸುತ್ತಾರೆ. ಮೊಳೆ ಅದರೊಳಗೆ ತಿರುಗುತ್ತ ಹೋದಂತೆ ಪ್ಲಗ್ಗು ಹಿಗ್ಗಿ ರಂಧ್ರದ ಸುತ್ತುಗೋಡೆಯನ್ನು ಒತ್ತುತ್ತದೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಫಲಕವನ್ನು ಹಿಡಿಯುವ ಶಕ್ತಿ. ರಂಧ್ರದಲ್ಲಿ ದೂಳು ಉಳಿದರೆ ಪ್ಲಗ್ಗಿನ ಹಿಡಿತ ದೂಳಿನ ಮೇಲಾಗುತ್ತದೆಯೇ ಹೊರತು ಗೋಡೆಯ ಮೇಲಲ್ಲ. ಆದ್ದರಿಂದ ಅನುಭವಿಯಾದವನು ಪ್ರತಿಯೊಂದು ರಂಧ್ರದ ದೂಳನ್ನೂ ಊದಿ ತೆಗೆಯುತ್ತಾನೆ. ಗೋಡೆಯಿಂದ ಫಲಕ ಎಷ್ಟು ಮುಂದಕ್ಕೆ ಚಾಚಿರುತ್ತದೆಯೋ ಅಷ್ಟರಮಟ್ಟಿಗೆ ಅದರ ಭಾರ ಸನ್ನೆಯಂತೆ ವರ್ತಿಸಿ ಮೇಲಿನ ಮೊಳೆಗಳನ್ನು ಹೊರಕ್ಕೆ ಎಳೆಯುತ್ತದೆ. ಕೆಳಗೆ ಕುಳಿತು ಕಾಯುವವರ ತಲೆಯ ಮೇಲಿನ ಫಲಕದ ವಿಚಾರದಲ್ಲಿ ಈ ಲೆಕ್ಕ ತಪ್ಪಬಾರದು.

ಕೊರೆಯುವ ಮುನ್ನ ಮತ್ತೊಂದು ಎಚ್ಚರಿಕೆ ಅಗತ್ಯ. ಗೋಡೆಯೊಳಗೆ ವಿದ್ಯುತ್ ತಂತಿಗಳು ಹುದುಗಿರುತ್ತವೆ. ಸ್ವಿಚ್ಚುಗಳ ನೇರಕ್ಕೆ ಮೇಲೂ ಕೆಳಗೂ ತಂತಿ ಸಾಗಿರುವ ಸಂಭವ ಹೆಚ್ಚು. ಅದನ್ನು ಪತ್ತೆ ಮಾಡುವ ಉಪಕರಣದಿಂದ ಪರೀಕ್ಷಿಸಿ, ಆ ಭಾಗದ ವಿದ್ಯುತ್ತನ್ನು ನಿಲ್ಲಿಸಿ, ಕಣ್ಣಿಗೆ ಕನ್ನಡಕ ಧರಿಸಿ ಕೆಲಸಕ್ಕೆ ಕೈಹಾಕಬೇಕು. ಆತುರದ ಒಂದು ಗಳಿಗೆ ಪ್ರಾಣಕ್ಕೇ ಎರವಾಗಬಹುದು.

ಇನ್ನು ಅಕ್ಷರಗಳ ವಿಚಾರ. ಹತ್ತು ಅಡಿ ದೂರದಿಂದ ಸಲೀಸಾಗಿ ಓದಲು ಒಂದು ಅಂಗುಲ ಎತ್ತರದ ಅಕ್ಷರ ಬೇಕೆಂಬುದು ಈ ಕಸುಬಿನವರ ಸ್ಥೂಲವಾದ ಲೆಕ್ಕ. ಬಾಗಿಲಿನಿಂದ ಗೋಡೆ ಮೂವತ್ತು ಅಡಿ ದೂರವಿದ್ದರೆ ಅಕ್ಷರ ಮೂರು ಅಂಗುಲಕ್ಕೆ ಕಡಿಮೆಯಿರಬಾರದು. ಈ ಲೆಕ್ಕವನ್ನು ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಹಾಕುವಂತೆ ಕನ್ನಡಕ್ಕೆ ಹಾಕಲಾಗದು. ಕನ್ನಡದ ಒತ್ತಕ್ಷರಗಳು ಮೂಲಾಕ್ಷರಕ್ಕಿಂತ ಚಿಕ್ಕವು, ಸಾಲಿನ ಕೆಳಗೆ ಇಳಿಯುವಂಥವು. ಅವುಗಳಿಗಾಗಿ ಕೆಳಗೆ ಜಾಗ ಬಿಡದಿದ್ದರೆ ಒಂದು ಸಾಲಿನ ಒತ್ತು ಮತ್ತೊಂದು ಸಾಲಿನ ಗುಣಿತಕ್ಕೆ ತಗಲುತ್ತದೆ.

ಲೋಹದಲ್ಲಿ ಕತ್ತರಿಸಿದ ಕನ್ನಡ ಪದದಲ್ಲಿ ಒತ್ತಕ್ಷರವು ಹಲವು ವೇಳೆ ಬಿಡಿ ತುಂಡಾಗಿರುತ್ತದೆ. ಅದನ್ನು ಒಂದೇ ಕಡ್ಡಿಯ ಮೇಲೆ ನಿಲ್ಲಿಸಿದರೆ ಅದು ತಿರುಗಿಬಿಡಬಹುದು; ಚಿಕ್ಕ ತುಂಡಿಗೂ ಎರಡು ಕಡ್ಡಿಗಳ ಆಧಾರ ಬೇಕು. ಒತ್ತು ಕಳಚಿ ಬಿದ್ದರೆ ‘ಹಳ್ಳಿ’ ‘ಹಳಿ’ಯಾಗುತ್ತದೆ. ಧಕಾರದ ಕೆಳಗಿನ ಸೀಳನ್ನು ಮರೆತರೆ ‘ಧನಸಹಾಯ ವಿಭಾಗ’ವು ‘ದನಸಹಾಯ ವಿಭಾಗ’ವಾಗಿ ನಗೆಪಾಟಲಿಗೆ ಗುರಿಯಾಗುತ್ತದೆ. ಅಕ್ಷರವನ್ನು ಬಲ್ಲವನು ಒಮ್ಮೆ, ಪದವನ್ನು ಬಲ್ಲವನು ಇನ್ನೊಮ್ಮೆ ಓದಿ ನೋಡದೆ ಗೋಡೆಯನ್ನು ಮುಟ್ಟಬಾರದು. ಕಾಗದದ ಮೇಲಿನ ತಪ್ಪನ್ನು ಅಳಿಸಬಹುದು. ಗ್ರಾನೈಟಿನಲ್ಲಿ ಕೊರೆದ ರಂಧ್ರವನ್ನು ಅಳಿಸುವವರಾರು?

ಇದಕ್ಕಾಗಿಯೇ ನಿಜವಾದ ಅಳತೆಯ ಕಾಗದದ ನಕ್ಷೆಯನ್ನು ಮೊದಲು ಗೋಡೆಗೆ ಅಂಟಿಸುತ್ತಾರೆ. ಕಡ್ಡಿಗಳು ಬರುವ ಸ್ಥಾನಗಳನ್ನು ಅದರಲ್ಲಿ ಗುರುತಿಸಿರುತ್ತಾರೆ. ರಸಮಟ್ಟವನ್ನಿಟ್ಟು ಸಾಲು ಸಮವಾಗಿದೆಯೇ ಎಂದು ನೋಡುತ್ತಾರೆ. ಅನಂತರ ಬಾಗಿಲ ಬಳಿಗೆ ಹೋಗಿ, ಒಳಬರುವ ಅಪರಿಚಿತನ ಕಣ್ಣಿನಿಂದ ಅದನ್ನು ನೋಡುತ್ತಾರೆ. ಹಳೆಯ ಕಟ್ಟಡಗಳಲ್ಲಿ ಛಾವಣಿಯ ಅಂಚೇ ಸ್ವಲ್ಪ ವಾಲಿರುವುದುಂಟು. ಆಗ ರಸಮಟ್ಟಕ್ಕೆ ಸರಿಯಾದ ಸಾಲು ಕಣ್ಣಿಗೆ ವಕ್ರವಾಗಿ ತೋರುತ್ತದೆ. ಫಲಕವನ್ನು ಛಾವಣಿಯಿಂದ ಕೆಳಕ್ಕೆ ಸರಿಸುವುದೋ ಬೇರೆ ಗೋಡೆಗೆ ಒಯ್ಯುವುದೋ ಎಂಬುದನ್ನು ಮಾಲೀಕರೊಡನೆ ಅಲ್ಲಿಯೇ ತೀರ್ಮಾನಿಸಬೇಕಾಗುತ್ತದೆ. ಎಲ್ಲವೂ ಒಪ್ಪಿಗೆಯಾದ ಮೇಲೆ ನಕ್ಷೆಯ ಮೇಲೆಯೇ ರಂಧ್ರ ಕೊರೆದು, ಕಾಗದವನ್ನು ತೆಗೆದು, ಅಕ್ಷರದ ಕಡ್ಡಿಗಳನ್ನು ಅಂಟಿನೊಡನೆ ಸೇರಿಸುತ್ತಾರೆ. ಅಂಟು ಪೂರ್ಣ ಗಟ್ಟಿಯಾಗುವವರೆಗೆ ಅಕ್ಷರಗಳನ್ನು ಪಟ್ಟಿಗಳಿಂದ ಹಿಡಿದಿಡುತ್ತಾರೆ.

ಫಲಕವು ಯಾರಿಗಾಗಿ ಎಂಬ ಪ್ರಶ್ನೆಯನ್ನು ಕಾನೂನೂ ಕೇಳಿದೆ. ಕರ್ನಾಟಕದಲ್ಲಿ 2024ರ ತಿದ್ದುಪಡಿಯ ಪ್ರಕಾರ ವಾಣಿಜ್ಯ ಸಂಸ್ಥೆಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಭಾಗ ಕನ್ನಡದಲ್ಲಿರಬೇಕು, ಕನ್ನಡವು ಮೇಲ್ಭಾಗದಲ್ಲಿರಬೇಕು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಸುಗಮವಾಗಿರಬೇಕೆಂದು ವಿಧಿಸಿದೆ. ದೃಷ್ಟಿಹೀನರು ಆರು ಚುಕ್ಕಿಗಳ ಬ್ರೈಲ್ ಲಿಪಿಯನ್ನು ಬೆರಳಿನಿಂದ ಓದುತ್ತಾರೆ. ಅಂತಹ ಫಲಕವನ್ನು ಕೈಗೆಟುಕದ ಎತ್ತರದಲ್ಲಾಗಲಿ ಮೇಜಿನ ಹಿಂದಾಗಲಿ ನಿಲ್ಲಿಸಿದರೆ ಅದು ಇದ್ದೂ ಇಲ್ಲದಂತೆ.

ಹೊಯ್ಸಳ ಶಿಲ್ಪಿಗಳಲ್ಲಿ ಮಲ್ಲಿತಮ್ಮನಂಥ ಕೆಲವರು ತಾವು ಕಡೆದ ವಿಗ್ರಹಗಳಲ್ಲಿ ತಮ್ಮ ಹೆಸರನ್ನೂ ಕೆತ್ತಿದರು. ಫಲಕವನ್ನು ನಿಲ್ಲಿಸುವ ಕೆಲಸಗಾರನ ಹೆಸರು ಆ ಗೋಡೆಯಲ್ಲಿ ಎಲ್ಲಿಯೂ ಇರುವುದಿಲ್ಲ. ಅವನ ಕೆಲಸದ ಹೆಚ್ಚಿನ ಭಾಗ ಅಕ್ಷರಗಳ ಹಿಂದೆ ಮರೆಯಾಗಿರುತ್ತದೆ. ದೂಳನ್ನು ಗುಡಿಸಿ, ಏಣಿಯನ್ನು ಹೆಗಲಿಗೇರಿಸಿ ಅವನು ಹೊರಟುಹೋಗುತ್ತಾನೆ. ಮರುದಿನ ದೂರದ ಹಳ್ಳಿಯಿಂದ ಬಂದ ವೃದ್ಧೆಯೊಬ್ಬಳು ಕೈಯಲ್ಲಿ ಚೀಟಿ ಹಿಡಿದು ಆ ಮೊಗಸಾಲೆಯಲ್ಲಿ ನಿಲ್ಲುತ್ತಾಳೆ. ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದುತ್ತಾಳೆ. ಯಾರ ಮುಂದೆಯೂ ಅಂಗಲಾಚದೆ ತಾನು ಸೇರಬೇಕಾದ ಬಾಗಿಲಿನ ಕಡೆಗೆ ನಡೆಯುತ್ತಾಳೆ.

ಅಭ್ಯಾಸ

1. ಸುಣ್ಣದ ಗಾರೆ, ಜಿಪ್ಸಮ್ ಹಲಗೆ, ಗ್ರಾನೈಟ್ – ಈ ಮೂರು ಬಗೆಯ ಗೋಡೆಗಳಲ್ಲಿ ಫಲಕವನ್ನು ನಿಲ್ಲಿಸುವಾಗ ವಹಿಸಬೇಕಾದ ಎಚ್ಚರಿಕೆಗಳನ್ನು ವಿವರಿಸಿರಿ.
2. ರಂಧ್ರದ ದೂಳನ್ನು ತೆಗೆಯದಿದ್ದರೆ ಪ್ಲಗ್ಗಿನ ಹಿಡಿತ ಸಡಿಲವಾಗುವುದೇಕೆ?
3. ಕನ್ನಡ ಅಕ್ಷರಗಳನ್ನು ಲೋಹದಲ್ಲಿ ನಿಲ್ಲಿಸುವಾಗ ಎದುರಾಗುವ ವಿಶೇಷ ಸಮಸ್ಯೆಗಳಾವುವು?
4. ‘ಧನ – ದನ’, ‘ಹಳ್ಳಿ – ಹಳಿ’ ಇಂತಹ ಐದು ಜೋಡಿ ಪದಗಳನ್ನು ಬರೆದು ಅರ್ಥವ್ಯತ್ಯಾಸವನ್ನು ತಿಳಿಸಿರಿ.
5. ನಿಮ್ಮ ಶಾಲೆಯ ನಾಮಫಲಕವನ್ನು ಪರಿಶೀಲಿಸಿ, ಹೊಸದಾಗಿ ಬಂದವರಿಗೆ ಅದು ಎಷ್ಟರಮಟ್ಟಿಗೆ ನೆರವಾಗುತ್ತದೆಂದು ಹತ್ತು ವಾಕ್ಯಗಳಲ್ಲಿ ಬರೆಯಿರಿ.