ಮೊದಲ ಸಲ ರಂಜಕ ಮಾಡುವವರಿಗೆ

ಅಂಗಡಿಯ ಖಾರದ ಸಾಸ್ ತಂದು ತಂದು ಸಾಕಾಗಿ, ಈ ಸಲ ಮನೆಯಲ್ಲೇ ಮಾಡೋಣ ಎಂದು ಹೊರಟಿದ್ದೀರಿ. ಬಹಳ ಒಳ್ಳೆಯದು. ಆದರೆ ಅದಕ್ಕಾಗಿ ಪರದೇಶದ ಅಡುಗೆ ಹುಡುಕುತ್ತ ಕೂರಬೇಡಿ. ಸಾಲಹಳ್ಳಿ, ರಾಮದುರ್ಗ, ಸವದತ್ತಿ, ಬೈಲಹೊಂಗಲ, ಕಿತ್ತೂರು ಕಡೆ ರೊಟ್ಟಿಯ ಮಗ್ಗುಲಿಗೆ ಹಚ್ಚಿಕೊಳ್ಳುವ ರಂಜಕ ಅದಕ್ಕಿಂತ ಯಾವುದರಲ್ಲೂ ಕಡಿಮೆಯಲ್ಲ. ಹಣ್ಣಾದ ಮೆಣಸಿನಕಾಯಿ, ಉಪ್ಪು, ಹುಳಿ, ಒಂದಿಷ್ಟು ತಾಳ್ಮೆ, ಇಷ್ಟೇ ಅದರ ಬಂಡವಾಳ. ಅಮೆರಿಕದ ಲೂಯಿಸಿಯಾನದಲ್ಲಿ 1868ರಿಂದ ಮಾಡುತ್ತ ಬಂದಿರುವ ಟಬ್ಯಾಸ್ಕೊ ಸಾಸಿನ ಬುಡವೂ ಇದೇ. ಮೆಣಸಿನಕಾಯಿ ಅರೆದು, ಉಪ್ಪು ಬೆರೆಸಿ, ಕಟ್ಟಿಗೆಯ ಪೀಪಾಯಿಯಲ್ಲಿ ಹುಳಿಯಲು ಬಿಟ್ಟು, ಆಮೇಲೆ ವಿನೆಗರ್ ಸೇರಿಸುತ್ತಾರೆ. ಅವರು ವರ್ಷಗಟ್ಟಲೆ ಕಾಯುತ್ತಾರೆ. ನೀವು ನಾಲ್ಕು ದಿನ ಕಾಯಲಾರಿರಾ?

ಮೊದಲು ಕಾಲ ನೋಡಿ. ಬನದ ಹುಣ್ಣಿಮೆಯ ಆಸುಪಾಸು, ಎಲ್ಲಮ್ಮನ ಗುಡ್ಡಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವ ದಿನಗಳಲ್ಲಿ, ಸಂತೆಗೆ ಕೆಂಪಗೆ ಹಣ್ಣಾದ ಹಸಿ ಮೆಣಸಿನಕಾಯಿ ಬರುತ್ತದೆ. ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆ ಹಂಗಾಮು ಕಳೆದ ಮೇಲೆ ಒಣಮೆಣಸಿನಕಾಯಿ ನೆನೆಹಾಕಿ ಅರೆದು ಅದನ್ನೇ ರಂಜಕ ಎಂದು ಬರಣಿ ತುಂಬಬೇಡಿ. ಅದು ಕೆಂಪು ಚಟ್ನಿ, ಎರಡು ದಿನದಲ್ಲಿ ತಿಂದು ಮುಗಿಸುವಂಥದ್ದು.

ಕಾಯಿ ಆರಿಸುವಾಗ ಬಣ್ಣಕ್ಕೆ ಮರುಳಾಗಬೇಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ, ಕೆಂಪಗಿರುವುದೆಲ್ಲ ಖಾರವೂ ಅಲ್ಲ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಮ್ಮ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರುವಾಸಿ, ಖಾರ ಸೌಮ್ಯ. ಹೊಸಬರಿಗೆ ಅದೇ ಸರಿ. ಖಾರ ಬೇಕೆನ್ನುವವರು ನಾಲ್ಕರಲ್ಲಿ ಒಂದು ಪಾಲು ಖಾರದ ಕಾಯಿ ಸೇರಿಸಿಕೊಳ್ಳಿ. ಖಾರ ಹೆಚ್ಚಾಗಿ ಇರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಕಡಿಮೆ ಬೇಕಾದರೆ ಅದನ್ನು ಕೆರೆದು ತೆಗೆಯಿರಿ. ಮತ್ತೆ ಮೊದಲ ಸಲವೇ ಐದು ಕಿಲೋ ತಂದು ಸುರಿಯಬೇಡಿ. ಅರ್ಧ ಕಿಲೋ ಸಾಕು.

ಈಗ ಬಹಳ ಜನ ಎಡವುವ ಜಾಗಕ್ಕೆ ಬಂದೆವು. ತೊಟ್ಟು ಮುರಿದು ಆಮೇಲೆ ತೊಳೆಯುತ್ತೀರಿ. ತೊಟ್ಟು ಮುರಿದ ತೂತಿನಿಂದ ನೀರು ಒಳಗೆ ಹೋಗಿ ಕೂರುತ್ತದೆ, ಬರಣಿಗೆ ಬೂಸು ಬರುವುದು ಅಲ್ಲಿಂದಲೇ. ತೊಟ್ಟು ಇದ್ದಂತೆಯೇ ತೊಳೆದು, ಬಟ್ಟೆಯ ಮೇಲೆ ಹರವಿ, ನೆರಳಲ್ಲಿ ಒಂದು ರಾತ್ರಿ ಆರಲು ಬಿಡಿ. ಬೆಳಿಗ್ಗೆ ಒಂದೊಂದನ್ನೇ ಒರೆಸಿ, ಮೆತ್ತಗಾದದ್ದು, ಕಪ್ಪು ಚುಕ್ಕೆ ಬಿದ್ದದ್ದು ಆಚೆಗಿಟ್ಟು, ಆಮೇಲೆ ತೊಟ್ಟು ತೆಗೆಯಿರಿ. ಬೇಸರದ ಕೆಲಸವೇ, ಒಪ್ಪುತ್ತೇನೆ. ಆದರೂ ಬಿಡಬೇಡಿ.

ಉಪ್ಪನ್ನು ಕಣ್ಣಳತೆಯಲ್ಲಿ ಹಾಕಬೇಡಿ, ತೂಗಿ ಹಾಕಿ. ಅರ್ಧ ಕಿಲೋ ಕಾಯಿಗೆ 80 ಗ್ರಾಂ ಹರಳುಪ್ಪು. ಒಳ್ಳಿನಲ್ಲಿ ಕುಟ್ಟಿದರೆ ಉತ್ತಮ. ಮಿಕ್ಸರ್ ಆದರೆ ತಡೆತಡೆದು ತಿರುವಿ, ತರಿತರಿಯಾಗಿ ಇರಲಿ. ನಿಲ್ಲಿಸಿದ ಕೂಡಲೇ ಮುಚ್ಚಳ ತೆಗೆದು ಮುಖ ಹಾಕಬೇಡಿ, ಆ ಘಾಟು ಕಣ್ಣು ಮೂಗು ಎರಡನ್ನೂ ಸುಡುತ್ತದೆ. ಪಿಂಗಾಣಿ ಬರಣಿ ಅಥವಾ ಗಾಜಿನ ಡಬ್ಬಿಯಲ್ಲಿ ಮುಕ್ಕಾಲು ಮಾತ್ರ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ ಯಾವುದೂ ಬೇಡ. ಉಪ್ಪು ಹುಳಿ ಸೇರಿ ಪಾತ್ರೆಯನ್ನೇ ತಿನ್ನುತ್ತವೆ.

ಮೂರು ನಾಲ್ಕು ದಿನ ಅದು ನೆರಳಲ್ಲಿರಲಿ. ಖಾರ ನೀರು ಬಿಟ್ಟುಕೊಳ್ಳುತ್ತದೆ, ಸಣ್ಣ ಗುಳ್ಳೆ ಎದ್ದರೆ ಹೆದರಬೇಡಿ. ದಿನಕ್ಕೊಮ್ಮೆ ಒಣಗಿದ ಕಟ್ಟಿಗೆಯ ಸೌಟಿನಿಂದ ಒತ್ತಿ, ಮೇಲಿನದು ನೀರಿನೊಳಗೆ ಮುಳುಗುವಂತೆ ಮಾಡಿ. ಎರಡನೇ ದಿನವೇ ರುಚಿ ನೋಡಿ ಸಪ್ಪೆ ಎನ್ನಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ. ಹಸಿ ವಾಸನೆ ಅಡಗಿ ಹುಳಿವಾಸನೆ ಏಳಬೇಕು, ಆಗ ಎಂಟು ನಿಂಬೆಹಣ್ಣಿನ ರಸ, 50 ಗ್ರಾಂ ಬೆಳ್ಳುಳ್ಳಿ, ಹುರಿದು ಪುಡಿ ಮಾಡಿದ ಒಂದು ಚಮಚ ಮೆಂತ್ಯ, ಚಿಟಿಕೆ ಇಂಗು ಸೇರಿಸಿ ನುಣ್ಣಗೆ ಅರೆಯಿರಿ. ನೀರು ಒಂದು ಹನಿಯೂ ಬೇಡ.

ನಿಂಬೆರಸ ಬರೀ ರುಚಿಗೆಂದು ತಿಳಿಯಬೇಡಿ. ಗಾಳಿಯಾಡದ, ಹುಳಿಯಿಲ್ಲದ ಜಾಗದಲ್ಲಿ ಬಾಟುಲಿಸಂ ಎಂಬ ಕೆಟ್ಟ ಕಾಯಿಲೆ ತರುವ ವಿಷ ಹುಟ್ಟಿಸುವ ಸೂಕ್ಷ್ಮಜೀವಿ ಬೆಳೆಯುತ್ತದೆ. ಪಿಎಚ್ 4.6ಕ್ಕಿಂತ ಕೆಳಗೆ ಅದರ ಆಟ ನಡೆಯುವುದಿಲ್ಲ. ಬರೀ ಎಣ್ಣೆಯಲ್ಲಿ ಹಸಿ ಬೆಳ್ಳುಳ್ಳಿ ಮುಳುಗಿಸಿ ಹೊರಗೆ ವಾರಗಟ್ಟಲೆ ಇಡುವವರಿದ್ದೀರಿ, ಆ ರೂಢಿ ಇಂದೇ ಬಿಡಿ. ಇನ್ನೊಂದು, ರಕ್ತದೊತ್ತಡ ಇದೆ ಎಂದು ಬರಣಿಯ ಉಪ್ಪಿಗೆ ಕೈ ಹಾಕಬೇಡಿ. ಉಪ್ಪು ಕಡಿಮೆ ಮಾಡಬೇಕಾದ್ದು ತಟ್ಟೆಯಲ್ಲಿ, ಬರಣಿಯಲ್ಲಲ್ಲ. ಅಂಥವರು ಬೆರಳ ತುದಿಯಷ್ಟು ಹಾಕಿಕೊಂಡು ಮೊಸರು ಬೆರೆಸಿ ತಿನ್ನಲಿ.

ಕೈಯ ವಿಷಯ. ಕುಟ್ಟುವ ಮೊದಲೇ ಕೈಗೆ ಶೇಂಗಾ ಎಣ್ಣೆ ಸವರಿಕೊಳ್ಳಿ. ಉರಿ ಹತ್ತಿದ ಮೇಲೆ ಬರೀ ನೀರು ಹಾಕಿ ತಿಕ್ಕಿದರೆ ಉಪಯೋಗವಿಲ್ಲ, ಮೆಣಸಿನ ಖಾರ ನೀರಿಗೆ ಕರಗುವುದಿಲ್ಲ, ಜಿಡ್ಡಿಗೆ ಕರಗುತ್ತದೆ. ಮೊದಲು ಎಣ್ಣೆ, ಆಮೇಲೆ ಸಾಬೂನು. ಅದೇ ಕೈಯಿಂದ ಕೂಸನ್ನು ಎತ್ತಿಕೊಳ್ಳಬೇಡಿ. ಕಣ್ಣಿಗೆ ತಗುಲಿದರೆ ತಿಕ್ಕದೆ, ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆಯಿರಿ. ಉರಿ ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಬರಣಿಗೆ ಒದ್ದೆ ಚಮಚ, ಎಂಜಲು ಕೈ ತಾಗಬಾರದು. ವಾರಕ್ಕೆ ಬೇಕಾದಷ್ಟು ಸಣ್ಣ ಡಬ್ಬಿಗೆ ತೆಗೆದುಕೊಂಡು ದೊಡ್ಡದನ್ನು ಫ್ರಿಜ್ಜಿನಲ್ಲಿಡಿ. ಹಸಿರು, ಕಪ್ಪು ಬೂಸು ಕೂದಲಿನಂತೆ ಎದ್ದಿತೋ, ಮೇಲಿಂದ ಕೆರೆದು ಕೆಳಗಿನದನ್ನು ಉಳಿಸಿಕೊಳ್ಳುವ ಜಿಪುಣತನ ಬೇಡ, ಪೂರ್ತಿ ಚೆಲ್ಲಿ.

ಉಣ್ಣುವಾಗ ಬಿಸಿ ಜೋಳದ ರೊಟ್ಟಿಯ ಮೇಲೆ ಸ್ವಲ್ಪ ರಂಜಕ ಇಟ್ಟು, ನಡುವೆ ಗುಳಿ ಮಾಡಿ ಕುಸುಬಿ ಎಣ್ಣೆ ಬಿಡಿ, ಇಲ್ಲವೇ ಬೆಣ್ಣೆ ಹಾಕಿ. ಮಕ್ಕಳು ಬಾಟಲಿಯ ಸಾಸೇ ಬೇಕೆಂದು ಹಟ ಹಿಡಿದರೆ, ಇದನ್ನೇ ಎರಡು ಚಮಚ ತೆಗೆದು, ವಿನೆಗರ್ ಬೆರೆಸಿ ತೆಳ್ಳಗೆ ಮಾಡಿ, ಸೋಸಿ ಕೊಡಿ. ತೆಳ್ಳಗೆ ಮಾಡಲು ನೀರು ಹಾಕೀರಿ ಮತ್ತೆ!